ಕಂಚು ಬಂತಲ್ಲಪ, ಬಿಡು

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಮ್ಮ ಹಾಕಿ ತಂಡ ಕಂಚು ಗೆದ್ದದ್ದು ಎಲ್ಲರಿಗೂ ನೆನಪಿದೆ. ಅದಕ್ಕೆ ಎರಡು ದಿನ ಮೊದಲು ಏನಾಯ್ತು ಅಂತ ಕೇಳಿ ನೋಡಿ, ಬಹಳ ಮಂದಿ ತಲೆ ಕೆರೆದುಕೊಳ್ಳುತ್ತಾರೆ. ನನಗೆ ಉಲ್ಟಾ. ಕಂಚಿನ ಪಂದ್ಯ ಮಸುಕಾಗಿದೆ, ಸೆಮಿಫೈನಲ್ ಹಾಗೇ ಕೂತಿದೆ. 2024ರ ಆಗಸ್ಟ್ 6, ಮಂಗಳವಾರ, ಜರ್ಮನಿ ಎದುರು 2-3.

ಇದನ್ನು ಯಾರಿಗಾದರೂ ಹೇಳಿದರೆ ಒಂದೇ ಉತ್ತರ: "ಕಂಚು ಬಂತಲ್ಲಪ, ಬಿಡು." ಪಕ್ಕದ ಅಂಗಡಿಯವರು ಹೇಳಿದರು, ತಮ್ಮ ಹೇಳಿದ, ಮನೆಯಲ್ಲೂ ಅದೇ ಮಾತು. ಬಿಡೋಕೆ ಆಗಲಿಲ್ಲ. ಯಾಕೆ ಆಗಲಿಲ್ಲ ಅಂತ ಸ್ವಲ್ಪ ಬಿಡಿಸಿ ಬರೆಯೋಣ ಅಂತ ಕೂತಿದ್ದೇನೆ.

ಮೊದಲು ನನ್ನ ಊರು, ನನ್ನ ಕೆಲಸ. ಗಂಗಾವತಿಯಲ್ಲಿ ನನ್ನದೊಂದು ಗೊಬ್ಬರ, ಬೀಜದ ಅಂಗಡಿ. ಆಗಸ್ಟ್ ಅಂದರೆ ನಮಗೆ ಉಸಿರಾಡಲೂ ಪುರುಸೊತ್ತಿರದ ತಿಂಗಳು. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಹರಿಯುತ್ತಿರುತ್ತದೆ, ಸುತ್ತಲಿನ ಹಳ್ಳಿಗಳಲ್ಲಿ, ಆಂಧ್ರದಿಂದ ಬಂದು ನೆಲೆಸಿದವರ ಕ್ಯಾಂಪುಗಳಲ್ಲಿ ಭತ್ತದ ನಾಟಿ ನಡೆದಿರುತ್ತದೆ. ಬೆಳಿಗ್ಗೆ ಶಟರ್ ಎತ್ತುವುದರೊಳಗೆ ಯೂರಿಯಾಕ್ಕೆ ಜನ ನಿಂತಿರುತ್ತಾರೆ. ಅರ್ಧ ಮಂದಿ ಕನ್ನಡ, ಅರ್ಧ ಮಂದಿ ತೆಲುಗು. ಎಲ್ಲರೂ ಕ್ರಿಕೆಟ್ ಮಾತಾಡುತ್ತಾರೆ. ಆರ್‌ಸಿಬಿ ಸೋತ ಮರುದಿನ ನನ್ನ ಅಂಗಡಿಯಲ್ಲಿ ಪಂಚಾಯ್ತಿ ನಡೆಯುತ್ತದೆ. ಬೈಯಬೇಕಾದವರನ್ನೆಲ್ಲ ಬೈದು, ಟೀ ಕುಡಿದು, ಹಗುರಾಗಿ ಹೋಗುತ್ತಾರೆ. ಹಾಕಿಗೆ ಆ ಸವಲತ್ತಿಲ್ಲ. ತಂಡ ಸೋತರೆ ನಾನೊಬ್ಬನೇ ಸೋತ ಹಾಗೆ.

ಈ ಊರಲ್ಲಿ ಹಾಕಿ ಹುಚ್ಚು ಹೇಗೆ ಹಿಡಿಯಿತು ಅಂತ ಕೇಳುವವರಿದ್ದಾರೆ. ನಮ್ಮ ಪಿಟಿ ಸರ್ ಕಾರಣ. ಎಲ್ಲಿಂದಲೋ ಒಂದಿಷ್ಟು ಹಳೆ ಸ್ಟಿಕ್ ತಂದು ಶಾಲೆಯ ಮೂಲೆಕೋಣೆಯಲ್ಲಿ ಇಟ್ಟಿದ್ದರು. ಮೈದಾನವೋ, ಅಪ್ಪಟ ಎರೆಮಣ್ಣು. ಬೇಸಿಗೆಯಲ್ಲಿ ನೆಲ ಬಾಯಿ ಬಿಡುತ್ತಿತ್ತು. ಚೆಂಡು ಬಿರುಕಿನಲ್ಲಿ ಕೂತುಬಿಟ್ಟರೆ ಸ್ಟಿಕ್ಕಿನ ತುದಿ ಹಾಕಿ ಕೆದಕಿ ಎಬ್ಬಿಸಬೇಕು. ಅಲ್ಲಿವರೆಗೆ ಎದುರು ತಂಡದವರು ಸೊಂಟದ ಮೇಲೆ ಕೈ ಇಟ್ಟುಕೊಂಡು ಕಾಯುತ್ತಿದ್ದರು. ಮಳೆಗಾಲದಲ್ಲಿ ಚೆಂಡಿಗೆ ಮಣ್ಣು ಮೆತ್ತಿ ಮೆತ್ತಿ ಉರುಳುವುದೇ ನಿಂತುಹೋಗುತ್ತಿತ್ತು. ಕಾಲಿಗೂ ಅಷ್ಟೇ ಮಣ್ಣು. ಡ್ರಿಬ್ಲಿಂಗ್ ಕಲಿಯುವ ಪ್ರಶ್ನೆಯೇ ಇಲ್ಲ. ನಾವು ಕಲಿತದ್ದು ಒಂದೇ: ಜೋರಾಗಿ ಹೊಡಿ, ಹಿಂದೆ ಓಡು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಹಾಕಿ ಹುಲ್ಲಿನಿಂದ ಕೃತಕ ಟರ್ಫಿಗೆ ಹೋಯಿತು, ಅದರಿಂದ ಭಾರತ ಹಿಂದೆ ಬಿತ್ತು ಅಂತ ಆಮೇಲೆ ಓದಿದಾಗ ನಗು ಬಂತು. ನಮಗೆ ಹುಲ್ಲೇ ಸಿಕ್ಕಿರಲಿಲ್ಲ.

ಹುಚ್ಚು ಗಟ್ಟಿಯಾದದ್ದು ಮಾತ್ರ ಬೆಂಗಳೂರಿನ ಹಾಸ್ಟೆಲಿನಲ್ಲಿ. ರೂಮಿನಲ್ಲಿ ನನ್ನ ಜೊತೆಗಿದ್ದವನು ಕೊಡಗಿನವನು. ಅವರಲ್ಲಿ ಹಾಕಿ ಅಂದರೆ ಆಟ ಅಷ್ಟೇ ಅಲ್ಲ, ಮನೆತನದ ವಿಷಯ. 1997ರಿಂದ ಅಲ್ಲಿ ಕೊಡವ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುತ್ತಿದೆ. 2024ರಲ್ಲಿ ನಾಪೋಕ್ಲಿನಲ್ಲಿ 360 ಕುಟುಂಬಗಳ ತಂಡ ಆಡಿದ್ದವು. ತಾತನೂ ಮೊಮ್ಮಗನೂ ಒಂದೇ ತಂಡದಲ್ಲಿ ಇರುತ್ತಾರೆ. ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ ಅವರ ಹೆಸರುಗಳನ್ನು ಹೇಳುವಾಗ ಗೆಳೆಯ ಸ್ವಂತ ಚಿಕ್ಕಪ್ಪಂದಿರ ಬಗ್ಗೆ ಹೇಳುವ ಧಾಟಿಯಲ್ಲಿ ಹೇಳುತ್ತಿದ್ದ. ಮೊದಲಿಬ್ಬರು 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು. ಸೋಮಯ್ಯ 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದವರು. 2016ರ ರಿಯೋ ತಂಡದಲ್ಲೂ ರಘುನಾಥ್, ಸುನಿಲ್, ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಅಂತ ನಾಲ್ವರು ನಮ್ಮವರಿದ್ದರು. ಪ್ಯಾರಿಸ್ ತಂಡದಲ್ಲಿ ಕರ್ನಾಟಕದ ಒಬ್ಬರೂ ಇರಲಿಲ್ಲ. ಅದು ಬೇರೆಯೇ ಹೊಟ್ಟೆ ಉರಿ, ಇನ್ನೊಮ್ಮೆ ಬರೆಯುತ್ತೇನೆ.

ಈಗ ಪ್ಯಾರಿಸ್‌ಗೆ ಬರೋಣ. ಆ ವಾರ ನಮ್ಮವರು ಆಡಿದ ರೀತಿ ನೋಡಿದ್ದರೆ ನೀವೂ ಆಸೆ ಪಡುತ್ತಿದ್ದಿರಿ. ಆಗಸ್ಟ್ 2ರಂದು ಆಸ್ಟ್ರೇಲಿಯಾವನ್ನು 3-2ರಿಂದ ಸೋಲಿಸಿದರು. ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾ ಎದುರು ನಾವು ಅದಕ್ಕೂ ಮೊದಲು ಗೆದ್ದದ್ದು 1972ರಲ್ಲಿ! ನನ್ನ ವಯಸ್ಸಿನವರು ಅದನ್ನು ನೋಡಿಯೇ ಇರಲಿಲ್ಲ. 4ರಂದು ಕ್ವಾರ್ಟರ್‌ಫೈನಲ್, ಗ್ರೇಟ್ ಬ್ರಿಟನ್ ಎದುರು. 17ನೇ ನಿಮಿಷದಲ್ಲಿ ನಮ್ಮ ಡಿಫೆಂಡರ್ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ಚೆಂಡು ತೆಗೆದುಕೊಂಡು ತಿರುಗುವಾಗ ಸ್ಟಿಕ್ ಮೇಲೆದ್ದು ಎದುರಾಳಿಯ ಮುಖಕ್ಕೆ ತಾಗಿತ್ತು. ಬೇಕೆಂದೇ ಹೊಡೆದ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಉಳಿದ ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿ 1-1ರಲ್ಲಿ ನಿಲ್ಲಿಸಿದರು. ಶೂಟೌಟ್‌ನಲ್ಲಿ 4-2. ನಮ್ಮ ಗೋಲಿ ಶ್ರೀಜೇಶ್ ಗೋಲಿನ ಮುಂದೆ ಕೈಕಾಲು ಚಾಚಿ ನಿಂತದ್ದನ್ನು ಎಷ್ಟು ಸಲ ನೋಡಿದರೂ ಸಾಲದು.

ಅವತ್ತು ಊರಲ್ಲಿ ಒಂದಿಬ್ಬರು ಮಾತಾಡಿಸಿದರು. "ಹಾಕಿ ಗೆದ್ದರಂತಲ್ರೀ?" ಅಂತ. ಖುಷಿಯಾಯ್ತು. ಆದರೆ ಆ ಗೆಲುವಿನ ಬಿಲ್ಲು ಎರಡು ದಿನದ ನಂತರ ಬಂತು. ಕೆಂಪು ಕಾರ್ಡಿಗೆ ಒಂದು ಪಂದ್ಯದ ನಿಷೇಧ. ಮೇಲ್ಮನವಿ ಹಾಕಿದರು, ತಳ್ಳಿಹಾಕಿದರು. ಸೆಮಿಫೈನಲ್‌ಗೆ ರೋಹಿದಾಸ್ ಇಲ್ಲ.

ರೋಹಿದಾಸ್ ಇಲ್ಲದಿದ್ದರೆ ಏನಂತೆ, ಒಬ್ಬ ಡಿಫೆಂಡರ್ ಅಷ್ಟೇ ತಾನೇ ಅಂತ ಹಾಕಿ ನೋಡದವರು ಕೇಳಬಹುದು. ಇಲ್ಲಿ ಸ್ವಲ್ಪ ನಿಲ್ಲಬೇಕು. ಪೆನಾಲ್ಟಿ ಕಾರ್ನರ್ ಸಿಕ್ಕಾಗ ಏನಾಗುತ್ತದೆ ನೋಡಿ. ಕಾಪಾಡುವ ತಂಡದ ಗೋಲಿ ಮತ್ತು ಇನ್ನು ನಾಲ್ವರು ಮಾತ್ರ ಗೋಲಿನ ಗೆರೆಯ ಹಿಂದೆ ನಿಲ್ಲಬಹುದು. ಉಳಿದವರೆಲ್ಲ ಅರ್ಧ ಮೈದಾನದ ಆಚೆ. ದಾಳಿ ಮಾಡುವವರಲ್ಲಿ ಒಬ್ಬ ಗೋಲಿನ ಪಕ್ಕದ ಗೆರೆಯಿಂದ ಚೆಂಡು ತಳ್ಳುತ್ತಾನೆ, ಇನ್ನೊಬ್ಬ ಅದನ್ನು ಸರ್ಕಲ್ (ಗೋಲಿನ ಮುಂದಿನ ಅರ್ಧವೃತ್ತ) ಹೊರಗೆ ನಿಲ್ಲಿಸುತ್ತಾನೆ, ಮೂರನೆಯವನು ಸ್ಟಿಕ್ಕಿನಲ್ಲಿ ಎಳೆದು ಗೋಲಿನತ್ತ ಚಿಮ್ಮಿಸುತ್ತಾನೆ, ಅದೇ ಫ್ಲಿಕ್. ಎಲ್ಲ ಮುಗಿಯಲು ಕಣ್ಣು ಮಿಟುಕಿಸುವಷ್ಟೇ ಹೊತ್ತು. ಚೆಂಡು ಗಂಟೆಗೆ ನೂರು ಕಿಲೋಮೀಟರ್ ಮೀರಿದ ವೇಗದಲ್ಲಿ ಬರುತ್ತದೆ. ಈಗ, ಗೋಲಿನ ಗೆರೆಯಿಂದ ಒಬ್ಬ ಆ ಫ್ಲಿಕ್ಕರ್ ಕಡೆಗೇ ನೇರವಾಗಿ ಓಡಬೇಕು. ಮುಖಕ್ಕೆ ಮಾಸ್ಕ್, ಮೊಣಕಾಲಿಗೆ ಪ್ಯಾಡ್, ಅಷ್ಟೇ ರಕ್ಷಣೆ. ಅವನೇ ಫಸ್ಟ್ ರಷರ್. ಚೆಂಡನ್ನು ಸ್ಟಿಕ್ಕಿನಲ್ಲಿ ತಡೆದರೆ ಸರಿ, ಇಲ್ಲದಿದ್ದರೆ ಮೈಗೆ ಬಡಿಸಿಕೊಂಡರೂ ಸರಿ. ಅವನು ಒಂದು ಕಡೆಯ ದಾರಿ ಮುಚ್ಚುತ್ತಾನೆ ಅನ್ನುವ ಭರವಸೆಯ ಮೇಲೆ ಗೋಲಿ ಇನ್ನೊಂದು ಕಡೆ ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಆ ಕೆಲಸಕ್ಕೆ ರೋಹಿದಾಸ್ ಎತ್ತಿದ ಕೈ. ಒಡಿಶಾದ ಸುಂದರ್‌ಗಢದ ಹುಡುಗ.

ಎದುರಿಗಿದ್ದವನು ಯಾರು? ಗೊಂಜಾಲೊ ಪೆಯಾಟ್. ಮೂಲ ಅರ್ಜೆಂಟೀನಾ. 2016ರ ರಿಯೋ ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ಪರ ಇದೇ ಜರ್ಮನಿಗೆ ಮೂರು ಗೋಲು ಹೊಡೆದವನು, ಚಿನ್ನ ಗೆದ್ದವನು. ಆಮೇಲೆ ಜರ್ಮನಿಗೇ ಆಡಲು ಹೋದ. 2023ರ ಭುವನೇಶ್ವರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾಕ್ಕೆ ಮತ್ತೆ ಮೂರು. ಅಂಥವನ ಎದುರು ನಮ್ಮ ಮೊದಲ ಓಟಗಾರ ಗ್ಯಾಲರಿಯಲ್ಲಿ.

ಆಗಸ್ಟ್ 6ರ ರಾತ್ರಿ ಹತ್ತೂವರೆಗೆ ಪಂದ್ಯ. ಅವತ್ತು ಹಬ್ಬದಂಥ ದಿನ. ನೀರಜ್ ಚೋಪ್ರಾ ಮೊದಲ ಎಸೆತದಲ್ಲೇ 89.34 ಮೀಟರ್ ಹಾಕಿ ಫೈನಲ್ ಮುಟ್ಟಿದ್ದ. ವಿನೇಶ್ ಫೋಗಟ್ ಕುಸ್ತಿ ಫೈನಲ್‌ಗೆ ಬಂದಿದ್ದರು. ಮನೆಯಲ್ಲಿ ಎಲ್ಲರೂ ಎದ್ದೇ ಇದ್ದರು. ವಿನೇಶ್ ಗೆದ್ದ ಮೇಲೆ ಒಬ್ಬೊಬ್ಬರೇ ಮಲಗಲು ಹೋದರು. ಹಾಕಿಗೆ ಉಳಿದವನು ನಾನು ಮತ್ತು ಫೋನಿನ ಆ ಕಡೆ ಗೆಳೆಯ.

ಮೊದಲ ಕ್ವಾರ್ಟರ್‌ನಲ್ಲಿ ನಮ್ಮವರು ಜರ್ಮನಿಯನ್ನು ಉಸಿರಾಡಲು ಬಿಡಲಿಲ್ಲ. ಒಂದರ ಹಿಂದೆ ಒಂದು ಕಾರ್ನರ್. 7ನೇ ನಿಮಿಷದಲ್ಲಿ ನಮ್ಮ ನಾಯಕ, ಫ್ಲಿಕ್ಕರ್ ಹರ್ಮನ್‌ಪ್ರೀತ್ ಹೊಡೆದ. 1-0. "ಇವತ್ತು ಆಗೋದೇ" ಅಂತ ನಾನು ಮೆಸೇಜ್ ಹಾಕಿದೆ. "ಸುಮ್ನಿರು, ಇನ್ನೂ ಒಂದು ಹೊಡೆಯಬೇಕಿತ್ತು" ಅಂತ ಗೆಳೆಯ. ಕೊಡಗಿನವರು ಹೀಗೇ. ಗೋಲು ಬಿದ್ದಾಗಲೂ ಲೆಕ್ಕ ಹಾಕುತ್ತಾರೆ.

ಅವನ ಲೆಕ್ಕವೇ ಸರಿಯಾಯ್ತು. 18ನೇ ನಿಮಿಷ, ಜರ್ಮನಿಗೆ ಕಾರ್ನರ್, ಪೆಯಾಟ್ ಫ್ಲಿಕ್, 1-1. 27ನೇ ನಿಮಿಷದಲ್ಲಿ ನಮ್ಮವರ ಕಾಲಿಗೆ ಚೆಂಡು ತಾಗಿ ಪೆನಾಲ್ಟಿ ಸ್ಟ್ರೋಕ್ (ಗೋಲಿಯೊಬ್ಬನೇ ಎದುರಿಗಿರುವ ಹೊಡೆತ) ಕೊಟ್ಟರು, ಕ್ರಿಸ್ಟೋಫರ್ ರೂರ್ ಹೊಡೆದ, 1-2. ಅರ್ಧ ವಿರಾಮ. ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಮತ್ತೆ 36ನೇ ನಿಮಿಷದಲ್ಲಿ ಹರ್ಮನ್‌ಪ್ರೀತ್ ಫ್ಲಿಕ್‌ಗೆ ಸುಖಜೀತ್ ಸ್ಟಿಕ್ ತಾಗಿಸಿ ದಿಕ್ಕು ತಿರುಗಿಸಿದ, 2-2. ಅಲ್ಲಿಂದ ಹದಿನೆಂಟು ನಿಮಿಷ ನಾನು ಕೂತಿದ್ದೆನೋ ನಿಂತಿದ್ದೆನೋ ಗೊತ್ತಿಲ್ಲ. 54ನೇ ನಿಮಿಷ. ಸರ್ಕಲ್ಲಿಗೆ ಬಂದ ಚೆಂಡಿಗೆ ಮಾರ್ಕೊ ಮಿಲ್ಟ್‌ಕೌ ಸ್ಟಿಕ್ ಅಡ್ಡ ಕೊಟ್ಟ. 2-3.

ಕೊನೆಯ ಗಳಿಗೆಯಲ್ಲಿ ಶಂಶೇರ್ ಸಿಂಗ್‌ಗೆ ಗೋಲಿನ ಮುಂದೆ ಚೆಂಡು ಸಿಕ್ಕಿತು. ಸಮಯ ಸೆಕೆಂಡುಗಳಲ್ಲಿ ಉಳಿದಿತ್ತು. ಹೊಡೆದ. ಅಡ್ಡಪಟ್ಟಿಯ ಮೇಲಿಂದ ಹೋಯಿತು. ಆಟಗಾರರು ನೆಲಕ್ಕೆ ಕುಸಿದರು. ನಾನು ಟಿವಿ ಆರಿಸಿದೆ. ಮನೆಯಲ್ಲಿ ಎಲ್ಲರೂ ಮಲಗಿದ್ದರಿಂದ ಬೈಯಲೂ ಆಗಲಿಲ್ಲ.

ಶಂಶೇರ್‌ನನ್ನು ಆಮೇಲೆ ಬಹಳ ಜನ ಆಡಿಕೊಂಡರು. ನನಗೆ ಅದು ಇಷ್ಟವಾಗಲಿಲ್ಲ. ಐವತ್ತೊಂಬತ್ತು ನಿಮಿಷ ಓಡಿದ ಕಾಲುಗಳು ಅವು. ಸೋಲು ಅಲ್ಲಿ ಆಗಲಿಲ್ಲ. ಸೋಲು ಆದದ್ದು ಕಾರ್ನರ್‌ಗಳಲ್ಲಿ. ನಮಗೆ ಹತ್ತಕ್ಕೂ ಹೆಚ್ಚು ಕಾರ್ನರ್ ಸಿಕ್ಕವು, ಎರಡರಲ್ಲಿ ಮಾತ್ರ ಗೋಲು. ಜರ್ಮನಿ ನಮ್ಮ ಫ್ಲಿಕ್ಕರ್ ಯಾರು, ಎಲ್ಲಿಗೆ ಹೊಡೆಯುತ್ತಾನೆ ಅಂತ ಮೊದಲೇ ಓದಿಕೊಂಡು ಬಂದಿತ್ತು. ಓದುವುದು ಕಷ್ಟವೂ ಇರಲಿಲ್ಲ. ಇಡೀ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ನಾವು ಆಟದ ಹೊತ್ತಿನಲ್ಲಿ ಹೊಡೆದ ಗೋಲು 15, ಅದರಲ್ಲಿ 10 ಹರ್ಮನ್‌ಪ್ರೀತ್ ಒಬ್ಬನವೇ. ಅವನನ್ನು ಹೊಗಳಲು ಇದಕ್ಕಿಂತ ದೊಡ್ಡ ಲೆಕ್ಕ ಬೇಡ. ತಂಡವನ್ನು ಬೈಯಲೂ ಇದೇ ಲೆಕ್ಕ ಸಾಕು. ಒಂದೇ ಬೋರ್‌ವೆಲ್ ನಂಬಿಕೊಂಡು ಎರಡು ಬೆಳೆ ತೆಗೀತೀನಿ ಅನ್ನೋ ರೈತನಿಗೆ ನಾನು ಸಾಲದ ಮೇಲೆ ಗೊಬ್ಬರ ಕೊಡಲ್ಲ. ಎರಡನೇ ಫ್ಲಿಕ್ಕರ್ ಆಗಬಹುದಾಗಿದ್ದವನು ಯಾರು? ಅದೇ ರೋಹಿದಾಸ್. ಅವನು ಇಲ್ಲದ್ದಕ್ಕೆ ಎರಡೂ ಕಡೆ ಪೆಟ್ಟು ಬಿತ್ತು, ಕಾಯುವ ಕಡೆಯೂ, ಹೊಡೆಯುವ ಕಡೆಯೂ.

ಇನ್ನು, ಈ ಸೋಲು ಇಷ್ಟು ಕಚ್ಚಲು ದೊಡ್ಡ ಕಾರಣ ಹಳೆಯದು. ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ಭಾರತ ಕೊನೆಯ ಸಲ ಗೆದ್ದದ್ದು 1964ರ ಟೋಕಿಯೊದಲ್ಲಿ. ಆಮೇಲೆ 1968ರಲ್ಲಿ ಆಸ್ಟ್ರೇಲಿಯಾಕ್ಕೆ ಸೋತೆವು. 1972ರಲ್ಲಿ ಪಾಕಿಸ್ತಾನಕ್ಕೆ. 1980ರಲ್ಲಿ ಚಿನ್ನ ಬಂತು ನಿಜ, ಆದರೆ ಮಾಸ್ಕೋದಲ್ಲಿ ಸೆಮಿಫೈನಲ್ ಅನ್ನುವುದೇ ಇರಲಿಲ್ಲ, ಲೀಗ್‌ನ ಮೊದಲೆರಡು ತಂಡ ನೇರ ಫೈನಲ್ ಆಡಿದವು. 2021ರ ಟೋಕಿಯೊದಲ್ಲಿ ಬೆಲ್ಜಿಯಂ ಎದುರು 2-5. ಅಲ್ಲೂ ಕಾರ್ನರ್‌ನಲ್ಲೇ ಹೊಡೆತ, ಅಲೆಕ್ಸಾಂಡರ್ ಹೆಂಡ್ರಿಕ್ಸ್ ಒಬ್ಬನೇ ಮೂರು ಹೊಡೆದ. ಈಗ 2024. ಅಂದರೆ ಎಂಟು ಚಿನ್ನ ಗೆದ್ದ ದೇಶ ಅರವತ್ತು ವರ್ಷದಿಂದ ಒಂದು ಸೆಮಿಫೈನಲ್ ದಾಟಿಲ್ಲ. ಇದನ್ನು ಯಾರೂ ದೊಡ್ಡದಾಗಿ ಹೇಳಲ್ಲ. ಪ್ರತಿ ಸಲ ಕಂಚು ಬರುತ್ತದೆ, ಮಾತು ಮುಚ್ಚಿಹೋಗುತ್ತದೆ.

ಮರುದಿನ ಬೆಳಿಗ್ಗೆ ಅಂಗಡಿ ತೆಗೆದೆ. ನಿದ್ದೆ ಸರಿಯಾಗಿರಲಿಲ್ಲ. ಯಾರಾದರೂ ಹಾಕಿ ಬಗ್ಗೆ ಕೇಳಿದರೆ ಒಂದಿಷ್ಟು ಹೇಳಿ ಹಗುರಾಗೋಣ ಅಂತಿದ್ದೆ. ಮಧ್ಯಾಹ್ನದ ಹೊತ್ತಿಗೆ ವಿನೇಶ್ ಸುದ್ದಿ ಬಂತು. ತೂಕ 100 ಗ್ರಾಂ ಜಾಸ್ತಿ, ಅನರ್ಹ. ಅಷ್ಟೇ, ಇಡೀ ಬಜಾರಿನ ಬಾಯಲ್ಲಿ ಅದೇ. ಕ್ಯಾಂಪಿನ ರೈತರೊಬ್ಬರು ಯೂರಿಯಾ ಚೀಲದ ಮೇಲೆ ಕೈ ಬಡಿದು, "ಐವತ್ತು ಕೆಜಿ ಚೀಲದಾಗ ಇದಕ್ಕಿಂತ ಜಾಸ್ತಿ ಸೋರಿ ಹೋಗ್ತೈತಲ್ರೀ ಸಾವ್ಕಾರ್ರ, ಅದಕ್ಕೇನಂತೀರಿ?" ಅಂತ ಕೇಳಿದರು. ಈಗೆಲ್ಲ ಯೂರಿಯಾ ಚೀಲ 45 ಕೆಜಿದು ಅಂತ ತಿದ್ದುವ ಮನಸ್ಸಾಗಲಿಲ್ಲ. ನನಗೂ ವಿನೇಶ್ ಬಗ್ಗೆ ಸಂಕಟವೇ. ಆ ಹೆಣ್ಣುಮಗಳ ನೋವಿನ ಮುಂದೆ ನನ್ನ ಹಾಕಿ ಸೋಲಿನ ಮಾತು ತೆಗೆಯುವುದು ಹೇಗೆ? ನುಂಗಿಕೊಂಡೆ.

8ನೇ ತಾರೀಖು ಸಂಜೆ ಐದೂವರೆಗೆ ಸ್ಪೇನ್ ಎದುರು ಕಂಚಿನ ಪಂದ್ಯ. ಮರುದಿನ ಪಂಚಮಿ. ಊರಿಗೆ ಊರೇ ಹಬ್ಬದ ಸಂತೆಯಲ್ಲಿತ್ತು. ನಾನು ಕ್ಯಾಶ್ ಬಾಕ್ಸಿನ ಹಿಂದೆ ಫೋನ್ ಇಟ್ಟುಕೊಂಡು ನೋಡಿದೆ. 2-1. ಎರಡೂ ಗೋಲು ಹರ್ಮನ್‌ಪ್ರೀತ್‌ದೇ, ಮತ್ತೆ! ಶ್ರೀಜೇಶ್‌ರ ಕೊನೆಯ ಪಂದ್ಯ. ಅವರು ಗೋಲಿನ ಮುಂದೆ ಅಡ್ಡಬಿದ್ದು ನಮಸ್ಕಾರ ಮಾಡಿದಾಗ ನನ್ನ ಕಣ್ಣೂ ಒದ್ದೆಯಾಯ್ತು. ಅದನ್ನು ಮುಚ್ಚಿಡುವುದೇನಿಲ್ಲ. 1968, 1972ರ ನಂತರ ಸತತ ಎರಡು ಒಲಿಂಪಿಕ್ಸ್‌ನಲ್ಲಿ ಪದಕ ಬಂದದ್ದು ಇದೇ ಮೊದಲು. ಸಣ್ಣ ಮಾತಲ್ಲ. ಮನೆಗೆ ಹೋದರೆ ಅವ್ವ ಶೇಂಗಾ ಉಂಡಿ ಕಟ್ಟುತ್ತಾ ಕೂತಿದ್ದಳು. ಒಂದು ಕೈಗೆ ಕೊಟ್ಟು, "ತಗೋ, ನಿಮ್ಮೋರು ಗೆದ್ರಂತಲ್ಲ" ಅಂದಳು. ತಿಂದೆ. ಉಂಡಿ ಚೆನ್ನಾಗಿತ್ತು. ಸಿಟ್ಟು ಹಾಗೇ ಇತ್ತು.

ಸಿಟ್ಟು ತೀರಿಸಿಕೊಳ್ಳಲು ಒಂದು ವಾರವಾದರೂ ಬೇಕಿತ್ತು, ಅದೂ ಸಿಗಲಿಲ್ಲ. 10ನೇ ತಾರೀಖು ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಭಾನುವಾರ ಬೆಳಗಾಗುವುದರೊಳಗೆ ಫೋನ್ ಮೇಲೆ ಫೋನ್. "ಡ್ಯಾಂ ಗೇಟ್ ಹೋಗೈತಂತ, ನೀರು ಉಳಿತಾವೋ ಇಲ್ಲೋ?" ನಾಟಿ ಮಾಡಿದವರು, ಅರ್ಧ ಮಾಡಿದವರು, ಸಸಿ ಕಿತ್ತು ಗದ್ದೆ ಬದುವಿಗೆ ಇಟ್ಟವರು, ಎಲ್ಲರ ಮುಖದಲ್ಲೂ ಒಂದೇ ಪ್ರಶ್ನೆ. ಕೊಪ್ಪಳ, ರಾಯಚೂರು, ಬಳ್ಳಾರಿ, ಎಲ್ಲರ ಅನ್ನ ಆ ನೀರಿನಲ್ಲಿದೆ. ನನ್ನ ಅಂಗಡಿಯ ಉದ್ದರಿ ಪುಸ್ತಕವೂ ಅದೇ ನೀರಿನ ಮೇಲೆ ನಿಂತಿದೆ. ಸುಮಾರು ಒಂದು ವಾರ ಎಲ್ಲರೂ ಡ್ಯಾಮಿನ ಕಡೆಯೇ ಮುಖ ಮಾಡಿ ಕೂತೆವು. ಹರಿಯುವ ನೀರಿನಲ್ಲೇ ಸ್ಟಾಪ್ ಲಾಗ್ (ತಾತ್ಕಾಲಿಕ ಗೇಟಿನ ತುಂಡುಗಳು) ಇಳಿಸಿ ತಡೆದ ಮೇಲೆ ಉಸಿರು ಬಂತು. ಆ ಹೊತ್ತಿಗೆ ಹಾಕಿ ಅಂದರೆ ಯಾವುದೋ ಕಾಲದ ಮಾತು. ಜನರನ್ನು ದೂರಲು ಬರಲ್ಲ. ಹೊಟ್ಟೆ ಮೊದಲು, ಆಟ ಆಮೇಲೆ.

ಅಕ್ಟೋಬರ್‌ನಲ್ಲಿ ಅದೇ ಜರ್ಮನಿ ದೆಹಲಿಗೆ ಬಂತು, ಧ್ಯಾನ್‌ಚಂದ್ ಸ್ಟೇಡಿಯಂಗೆ. ಎರಡು ಪಂದ್ಯ. ಮೊದಲನೆಯದು 0-2 ಸೋತೆವು. ಮರುದಿನ 5-3 ಗೆದ್ದೆವು. ಐದು ಗೋಲು, ಜರ್ಮನಿಗೆ! ಆಗ ಗೆಳೆಯನಿಗೆ ಫೋನ್ ಮಾಡಿ ಕೂಗಾಡಿದೆ. ಆಮೇಲೆ ಶೂಟೌಟ್‌ನಲ್ಲಿ ಸರಣಿ ಅವರಿಗೇ ಹೋಯಿತು ಅನ್ನಿ. ಆದರೂ ಆ 5-3 ನನಗೆ ಸಮಾಧಾನ ಕೊಡಲಿಲ್ಲ. ಅಕ್ಟೋಬರ್‌ನ ಐದು ಗೋಲಿನಲ್ಲಿ ಒಂದನ್ನು ಆಗಸ್ಟ್‌ಗೆ ಕಡ ಕೊಡಲು ಬರುವಂತಿದ್ದರೆ ಬೇರೆ ಮಾತು.

ಆಮೇಲೊಮ್ಮೆ ಗೆಳೆಯ ಸಂಸಾರ ಸಮೇತ ಹಂಪಿ, ಆನೆಗೊಂದಿ ನೋಡಲು ಬಂದ. ಮಕ್ಕಳಿಗೆ ಅಂಜನಾದ್ರಿ ಹತ್ತಬೇಕಂತೆ. ಮಕ್ಕಳು ಮುಂದೆ ಓಡಿದರು, ನಾವಿಬ್ಬರು ಏದುಸಿರು ಬಿಡುತ್ತಾ ನಡುವೆ ನೆರಳು ಸಿಕ್ಕಲ್ಲಿ ಕೂತೆವು. ಹಂಪಿ ಬಗ್ಗೆ ಮಾತಾಡಲಿಲ್ಲ, ಹನುಮಪ್ಪನ ಬಗ್ಗೆಯೂ ಇಲ್ಲ. ಎರಡನೇ ಮಾತಿಗೇ ರೋಹಿದಾಸ್ ಬಂದ. ರೋಹಿದಾಸ್ ಇದ್ದಿದ್ದರೆ ಗೆಲ್ಲುತ್ತಿದ್ದೆವು ಅಂತ ನಾನು. ಅದು ನೆಪ ಅಂತ ಅವನು.

"ಪೆಯಾಟ್ ಹೊಡೆದದ್ದು ಒಂದು ಗೋಲು. ಇನ್ನೆರಡು?" ಅಂದ.

"ಅದೊಂದು ಬೀಳದಿದ್ದರೆ ಆಟವೇ ಬೇರೆ ಆಗ್ತಿತ್ತಲ್ಲೋ."

"ಹತ್ತು ಕಾರ್ನರ್ ಸಿಕ್ಕಿದ್ದು ನಮಗಲ್ವಾ? ಅದನ್ನ ರೋಹಿದಾಸ್ ಬಂದು ಹೊಡೀತಿದ್ನಾ?"

"ಹೊಡೀತಿದ್ದ. ಹರ್ಮನ್‌ನನ್ನೇ ನೋಡ್ಕೊಂಡು ಓಡೋರಿಗೆ ಇನ್ನೊಬ್ಬ ಇದ್ದಿದ್ರೆ ಗೊಂದಲ ಆಗ್ತಿತ್ತು."

ಅವನು ಒಪ್ಪಲಿಲ್ಲ. ಮೊದಲ ಕ್ವಾರ್ಟರ್‌ನಲ್ಲೇ ಇನ್ನೊಂದು ಹೊಡೆದಿದ್ದರೆ ರೋಹಿದಾಸ್ ಮಾತೇ ಬರುತ್ತಿರಲಿಲ್ಲ ಅನ್ನುವುದು ಅವನ ವಾದ. ಮೇಲಿನಿಂದ ಮಕ್ಕಳು ಕೂಗಿದರು, ಇಳಿದು ಬರುವವರು ದಾರಿ ಬಿಡಿ ಅಂದರು, ನಾವು ಇನ್ನೊಂದು ಮೆಟ್ಟಿಲು ಪಕ್ಕಕ್ಕೆ ಸರಿದು ಮುಂದುವರಿಸಿದೆವು. 2026ರ ಆಗಸ್ಟ್‌ನಲ್ಲಿ ನೆದರ್‌ಲ್ಯಾಂಡ್ಸ್, ಬೆಲ್ಜಿಯಂನಲ್ಲಿ ವಿಶ್ವಕಪ್. 1975ರಲ್ಲಿ ಗೆದ್ದ ಮೇಲೆ ವಿಶ್ವಕಪ್‌ನ ಸೆಮಿಫೈನಲ್ ಮುಖವನ್ನೇ ನಾವು ನೋಡಿಲ್ಲ. ಅಲ್ಲಿ ಮೊದಲ ಓಟ ಯಾರು ಓಡಬೇಕು, ಎರಡನೇ ಫ್ಲಿಕ್ ಯಾರಿಗೆ ಕೊಡಬೇಕು ಅಂತ ಅವನದೊಂದು ಪಟ್ಟಿ, ನನ್ನದೊಂದು. ಎರಡರಲ್ಲೂ ಒಂದು ಹೆಸರೂ ಕೂಡಲಿಲ್ಲ.